ಬೀದಿಯ ಕೂಗೂ ಕೈಯೊಳಗಣ ಫೋನೂ

ಹಿಂದೆ ನಮ್ಮ ಮನೆಗಳಲ್ಲಿ ಬೆಳಗಿನ ಹೊತ್ತನ್ನು ತಿಳಿಯುವುದಕ್ಕೆ ಗಡಿಯಾರವನ್ನು ನೋಡುವ ಅವಶ್ಯಕತೆ ಅಷ್ಟಾಗಿ ಇರಲಿಲ್ಲ. ಹೂವಿನವಳ ಕೂಗು ಕೇಳಿದರೆ ದೇವರ ಪೂಜೆಗೆ ಹೊತ್ತಾಯಿತೆಂದೂ, ಸೊಪ್ಪಿನವಳ ಕೂಗು ಕೇಳಿದರೆ ಒಲೆಯ ಮೇಲೆ ಬೇಳೆ ಏರಬೇಕೆಂದೂ, ಸಂಜೆ ಕಡಲೆಕಾಯಿಯವನ ಕೂಗು ಕೇಳಿದರೆ ಮಕ್ಕಳು ಶಾಲೆಯಿಂದ ಬರುವ ಸಮಯವೆಂದೂ ಗೃಹಿಣಿಯರು ಅರಿಯುತ್ತಿದ್ದರು. ಆ ಒಂದು ಕೂಗಿನಲ್ಲಿ ನಾಲ್ಕು ಸಂಗತಿಗಳು ಅಡಗಿರುತ್ತಿದ್ದುವು: ಏನು ಬಂದಿದೆ, ಎಲ್ಲಿಗೆ ಬಂದಿದೆ, ಎಷ್ಟಕ್ಕೆ ಸಿಕ್ಕುತ್ತದೆ, ತಂದವರು ಯಾರು. ವ್ಯಾಪಾರಕ್ಕೆ ಇದಕ್ಕಿಂತ ಹೆಚ್ಚಿನ ಜಾಹೀರಾತು ಬೇಕಾಗಿರಲಿಲ್ಲ.

ಈಗ ಮನೆಗಳು ನಾಲ್ಕೈದು ಅಂತಸ್ತು ಮೇಲಕ್ಕೆ ಹೋಗಿವೆ. ಕಿಟಕಿಗಳು ಮುಚ್ಚಿರುತ್ತವೆ; ಬೀದಿಯಲ್ಲಿ ವಾಹನಗಳ ಸದ್ದು ಹೆಚ್ಚಿದೆ; ಗಂಡಹೆಂಡಿರಿಬ್ಬರೂ ಕೆಲಸಕ್ಕೆ ಹೋಗುವ ಸಂಸಾರಗಳು ಅನೇಕವಾಗಿವೆ. ಕೂಗುವವನು ಗಂಟಲು ಹರಿಯುವಂತೆ ಕೂಗಿದರೂ ಕೇಳುವವರಿಲ್ಲ. ಆದರೆ ಅದೇ ಮನೆಯವರ ಕೈಯಲ್ಲಿ ಫೋನೊಂದು ಸದಾ ಇರುತ್ತದೆ. ಹೀಗಿರುವುದರಿಂದ ತಳ್ಳುಗಾಡಿಯವರು, ಸ್ಕೂಟರಿನ ಮೇಲೆ ತಿಂಡಿ ಮಾರುವವರು, ಆಟೋದಲ್ಲಿ ತರಕಾರಿ ತರುವವರು, ಮನೆಯಲ್ಲಿ ಹಪ್ಪಳ ಚಕ್ಕುಲಿಗಳನ್ನು ಮಾಡಿ ಬೀದಿಬೀದಿಗೆ ಒಯ್ದು ಮಾರುವ ಹೆಂಗಸರು, ಇವರೆಲ್ಲರೂ ತಮ್ಮ ಕೂಗನ್ನು ಫೋನಿನೊಳಕ್ಕೆ ಸಾಗಿಸುವ ಬಗೆಯನ್ನು ಕಲಿಯಬೇಕಾಗಿದೆ. ಈ ತಿಂಗಳು ನಾವು ಆ ವಿಷಯವನ್ನು ತೆಗೆದುಕೊಂಡಿದ್ದೇವೆ. ನಮ್ಮ ವಾಚಕರಲ್ಲಿ ಕೆಲವರು ಸ್ವತಃ ಇಂತಹ ವ್ಯಾಪಾರವನ್ನು ಮಾಡುವವರೇ ಆಗಿರಬಹುದು. ಮಿಕ್ಕವರೆಲ್ಲರೂ ಇಂತಹವರಿಂದ ಕೊಳ್ಳುವವರು. ಆದ್ದರಿಂದ ಇದು ಇಬ್ಬರಿಗೂ ಸಂಬಂಧಪಟ್ಟ ಮಾತು.

ಮೊದಲು ನಾವು ಕಣ್ಣಾರೆ ಕಂಡ ಒಂದು ಸಂಗತಿಯನ್ನು ಹೇಳುವೆವು. ನಾವಿರುವುದು ಮೈಸೂರಿನ ಒಂದು ಹೊಸ ಬಡಾವಣೆಯಲ್ಲಿ. ನಮ್ಮ ಬೀದಿಯ ಮೂಲೆಗೆ ಬೆಳಗ್ಗೆ ತಟ್ಟೆ ಇಡ್ಲಿಯ ಗಾಡಿಯೊಂದು ಬರುತ್ತದೆ. ಅದನ್ನು ನಡೆಸುವ ಹೆಂಗಸು, ಗಂಡನಿಗೆ ಬೆನ್ನುನೋವು ಹತ್ತಿ ಕೂಲಿ ನಿಂತ ಮೇಲೆ, 2024ನೆಯ ಇಸವಿಯ ಬೇಸಗೆಯಲ್ಲಿ ಬೀದಿ ವ್ಯಾಪಾರಿಗಳಿಗಾಗಿ ಸರ್ಕಾರದವರು ಏರ್ಪಡಿಸಿರುವ ಯೋಜನೆಯ ಪ್ರಕಾರ ಬ್ಯಾಂಕಿನಿಂದ 10,000 ರೂಪಾಯಿ ಸಾಲ ತೆಗೆದು ಈ ಕಸಬನ್ನು ಹಿಡಿದಳು. ತಿಂಗಳ ಕಂತು ಒಂಬೈನೂರು ಚಿಲ್ಲರೆ ರೂಪಾಯಿ. ಕೆಲವು ದಿನಗಳಾದ ಮೇಲೆ ಒಬ್ಬ ತರುಣನು ಬಂದು, ‘ನಿಮ್ಮ ಗಾಡಿಯನ್ನು ಇಡೀ ಊರಿಗೆ ತೋರಿಸಿಕೊಡುತ್ತೇನೆ’ ಎಂದು ಹೇಳಿ 3,000 ರೂಪಾಯಿಗಳನ್ನು ಪಡೆದು, ಫೇಸ್‌ಬುಕ್ಕಿನಲ್ಲಿಯೂ ಇನ್‌ಸ್ಟಾಗ್ರಾಮಿನಲ್ಲಿಯೂ ಜಾಹೀರಾತು ಹಾಕಿಸಿದನು. ಅದನ್ನು ಮೆಚ್ಚಿದವರ ಸಂಖ್ಯೆ ಫೋನಿನಲ್ಲಿ ದಿನೇ ದಿನೇ ಏರಿತು. ಗಾಡಿಯ ಮುಂದೆ ನಿಲ್ಲುವವರ ಸಂಖ್ಯೆ ಏರಲಿಲ್ಲ. ಎರಡು ತಿಂಗಳ ಕಂತು ತಪ್ಪಿತು.

ಒಂದು ದಿನ ಬೆಳಗ್ಗೆ ಆಕೆ ನಮ್ಮನ್ನು ಕೇಳಿದಳು: “ಸ್ವಾಮಿ, ಸಾವಿರಾರು ಜನ ಮೆಚ್ಚಿದ್ದಾರಂತೆ. ಆದರೆ ಹತ್ತು ಗಂಟೆಗೆ ನೋಡಿದರೆ ಪಾತ್ರೆಯಲ್ಲಿ ಹಿಟ್ಟು ಹಾಗೇ ಉಳಿದಿರುತ್ತೆ. ಮೆಚ್ಚಿದವರು ತಿನ್ನೋದಕ್ಕೆ ಯಾಕೆ ಬರೋದಿಲ್ಲ?”

ನಾವು ಆ ಜಾಹೀರಾತನ್ನು ತೆಗೆಸಿ ನೋಡಿದೆವು. ಅದರಲ್ಲಿ ಇಡ್ಲಿಯ ಸುಂದರವಾದ ಚಿತ್ರವಿತ್ತು. ಅದು ಆಕೆಯ ಇಡ್ಲಿಯಾಗಿರಲಿಲ್ಲ. ‘ಅತ್ಯುತ್ತಮ ರುಚಿ, ಒಮ್ಮೆ ಭೇಟಿ ಕೊಡಿ’ ಎಂದಿತ್ತು. ಎಲ್ಲಿಗೆ, ಎಷ್ಟು ಹೊತ್ತಿಗೆ ಎಂಬುದು ಇರಲಿಲ್ಲ. ಕೊಟ್ಟಿದ್ದ ಫೋನ್ ನಂಬರು ಆ ತರುಣನದು. ಎಲ್ಲಕ್ಕಿಂತ ಮಿಗಿಲಾಗಿ, ಜಾಹೀರಾತನ್ನು ರಾಜ್ಯಕ್ಕೆಲ್ಲ ತೋರಿಸುವಂತೆ ಗೊತ್ತುಮಾಡಲಾಗಿತ್ತು.

“ಮೆಚ್ಚಿದವರಲ್ಲಿ ಎಷ್ಟೋ ಮಂದಿ ಬೆಳಗಾವಿಯಲ್ಲಿಯೂ ಕಲಬುರಗಿಯಲ್ಲಿಯೂ ಇದ್ದಾರೆ, ತಾಯಿ. ನಿಮ್ಮ ಇಡ್ಲಿ ಆರುವುದರೊಳಗೆ ಅವರು ಬಂದು ಮುಟ್ಟಲಾರರು,” ಎಂದೆವು. ಆಕೆ ನಕ್ಕಳು. ಆದರೆ ಹೋದ ಮೂರು ಸಾವಿರ ರೂಪಾಯಿ ನಕ್ಕರೆ ಹಿಂದಕ್ಕೆ ಬರುವುದಿಲ್ಲವಷ್ಟೆ.

ಅಂದಿನಿಂದ ನಮ್ಮ ಮನೆಯ ಸೊಸೆಯೂ ಆಕೆಯೂ ಕೂಡಿ ಒಂದೊಂದನ್ನಾಗಿ ಸರಿಪಡಿಸುತ್ತ ಬಂದರು. ಅವರು ಮಾಡಿದ್ದರಲ್ಲಿ ಬಹುಭಾಗಕ್ಕೆ ಕಾಸೂ ಖರ್ಚಾಗಲಿಲ್ಲ. ಅದನ್ನೇ ಇಲ್ಲಿ ಕ್ರಮವಾಗಿ ಬರೆಯುತ್ತೇವೆ.

ಮೊದಲನೆಯದು ಸ್ಥಳ ಮತ್ತು ಹೊತ್ತು. ನಮ್ಮ ಸಂತೆಗಳನ್ನು ನೋಡಿರಿ. ಸಂತೆಗೆ ಯಾರೂ ಕರೆಯೋಲೆ ಕಳುಹಿಸುವುದಿಲ್ಲ. ವಾರದ ಇಂತಹ ದಿನ, ಇಂತಹ ಬಯಲಿನಲ್ಲಿ ನೆರೆಯುತ್ತದೆಂಬುದು ಸುತ್ತಣ ಹಳ್ಳಿಗಳಿಗೆಲ್ಲ ಗೊತ್ತಿರುವುದರಿಂದ ಜನರು ತಾವಾಗಿಯೇ ಬರುತ್ತಾರೆ. ಅಂಗಡಿಯುಳ್ಳವನಿಗೆ ಅಂಗಡಿಯೇ ವಿಳಾಸ. ಸಂಚರಿಸುವ ವರ್ತಕನಿಗೆ ಹೊತ್ತೇ ವಿಳಾಸ. ಆದ್ದರಿಂದ ಗಾಡಿ ಎರಡು ಮೂರು ಕಡೆ ಮಾತ್ರ ನಿಲ್ಲಲಿ; ಪ್ರತಿಯೊಂದು ಕಡೆಗೂ ಹೊತ್ತು ಗೊತ್ತಾಗಿರಲಿ; ಅದನ್ನು ದಪ್ಪಕ್ಷರಗಳಲ್ಲಿ ಬರೆದು ಗಾಡಿಯ ಮುಂದೆ ಕಟ್ಟಲಿ. ಬರಲಾರದ ದಿನ ಹಿಂದಿನ ಸಂಜೆಯೇ ತಿಳಿಸಲಿ. ಎರಡು ವಾರ ಈ ನಿಯಮವನ್ನು ತಪ್ಪದೆ ನಡೆಸಿದ ಮೇಲಲ್ಲದೆ ಬೇರೆ ಯಾವ ಜಾಹೀರಾತಿಗೂ ಕೈಹಾಕತಕ್ಕದ್ದಲ್ಲ. ಜಾಹೀರಾತನ್ನು ನೋಡಿ ಬಂದವನಿಗೆ ಗಾಡಿ ಕಾಣದಿದ್ದರೆ ಅವನು ಎರಡನೆಯ ಸಲ ಬರುವುದಿಲ್ಲ. ಹಣ ಕೊಟ್ಟು ಗಿರಾಕಿಯನ್ನು ಕಳೆದುಕೊಂಡಂತಾಗುವುದು.

ಎರಡನೆಯದು ವ್ಯಾಪಾರದ ಫೋನು. ಸಾಧ್ಯವಾದರೆ ವ್ಯಾಪಾರಕ್ಕೆಂದು ಬೇರೆ ನಂಬರೊಂದನ್ನು ಇಟ್ಟುಕೊಳ್ಳುವುದು ಒಳ್ಳೆಯದು. ಮನೆಯ ನಂಬರು ಬೀದಿಗೆಲ್ಲ ಹರಡುವುದು, ವಿಶೇಷವಾಗಿ ಹೆಂಗಸರಿಗೆ, ಉಚಿತವಲ್ಲ. ಆ ನಂಬರಿನಲ್ಲಿ ವಾಟ್ಸ್‌ಆಪ್ ಬಿಸಿನೆಸ್ ಎಂಬುದನ್ನು ಹಾಕಿಕೊಳ್ಳಬೇಕು. 2018ರಲ್ಲಿ ಹೊರಬಂದ ಈ ಸಾಧನವು ಸಣ್ಣ ವ್ಯಾಪಾರಿಗಳಿಗೆಂದೇ ಮಾಡಿದ್ದು. ಇದನ್ನು ಇಳಿಸಿಕೊಳ್ಳುವುದಕ್ಕೆ ಹಣ ಕೊಡಬೇಕಾಗಿಲ್ಲ. ವ್ಯಾಪಾರದ ಹೆಸರು, ಹೊತ್ತು, ಮಾರುವ ಪದಾರ್ಥಗಳ ಚಿತ್ರ ಮತ್ತು ಬೆಲೆ, ಇವನ್ನು ಅದರಲ್ಲಿ ಒಮ್ಮೆ ತುಂಬಿಟ್ಟರೆ ಕೇಳಿದವರಿಗೆಲ್ಲ ಅದು ತೋರಿಸುತ್ತದೆ. ಕೈಯಲ್ಲಿ ಹಿಟ್ಟಿರುವಾಗ ಯಾರಾದರೂ ಬರೆದು ಕೇಳಿದರೆ, ನಾವು ಮೊದಲೇ ಬರೆದಿಟ್ಟ ಉತ್ತರವನ್ನು ತಾನಾಗಿಯೇ ಕಳುಹಿಸುವ ಏರ್ಪಾಡೂ ಅದರಲ್ಲಿ ಉಂಟು. ನಮ್ಮ ಇಡ್ಲಿಯಮ್ಮನವರು ಬರೆಸಿಟ್ಟ ಉತ್ತರವಿದು: ‘ನಮಸ್ಕಾರ. ಬೆಳಗ್ಗೆ ಆರೂವರೆಯಿಂದ ಒಂಬತ್ತರವರೆಗೆ ಉದ್ಯಾನದ ಮೂಲೆಯಲ್ಲಿ, ಒಂಬತ್ತೂವರೆಯಿಂದ ಹನ್ನೊಂದರವರೆಗೆ ನೀರಿನ ಟ್ಯಾಂಕಿನ ಬಳಿ ಇರುತ್ತೇವೆ. ಸೋಮವಾರ ಬಿಡುವು.’ ಇಷ್ಟು ಸಾಕು.

ಒಂದೇ ಸುದ್ದಿಯನ್ನು ಅನೇಕರಿಗೆ ಒಟ್ಟಿಗೆ ಕಳುಹಿಸುವುದಕ್ಕೆ ಬ್ರಾಡ್‌ಕಾಸ್ಟ್ ಪಟ್ಟಿ ಎಂಬುದಿದೆ. ಆದರೆ ಯಾರು ತಮ್ಮ ಫೋನಿನಲ್ಲಿ ನಿಮ್ಮ ನಂಬರನ್ನು ಬರೆದುಕೊಂಡಿರುವರೋ ಅವರಿಗೆ ಮಾತ್ರ ಆ ಸುದ್ದಿ ಮುಟ್ಟುತ್ತದೆ. ಆದಕಾರಣ ಪ್ರತಿಯೊಬ್ಬ ಗಿರಾಕಿಗೂ, ‘ನಮ್ಮ ನಂಬರನ್ನು ಹೆಸರು ಹಾಕಿ ಇಟ್ಟುಕೊಳ್ಳಿ’ ಎಂದು ಬಾಯಿಬಿಟ್ಟು ಹೇಳಬೇಕು. ಒಪ್ಪಿದವರಿಗೆ ಮಾತ್ರ ಕಳುಹಿಸಬೇಕು. ದಿನಕ್ಕೆ ಒಂದಕ್ಕಿಂತ ಹೆಚ್ಚು ಕಳುಹಿಸಬಾರದು. ಹೊತ್ತುಹೊತ್ತಿಗೂ ಶುಭೋದಯದ ಚಿತ್ರಗಳನ್ನು ಕಳುಹಿಸುವವರ ಸುದ್ದಿಯನ್ನು ಜನರು ಓದದೆ ಅಳಿಸುವರು. ಅದರ ಜೊತೆಗೆ ಇಡ್ಲಿಯ ಸುದ್ದಿಯೂ ಅಳಿಸಿಹೋಗುವುದು. ಪದೇ ಪದೇ ಬರೆಯಲು ಸಂಕೋಚವಾದರೆ ಸ್ಟೇಟಸ್ ಹಾಕಬಹುದು. ಅದು ಇಪ್ಪತ್ತನಾಲ್ಕು ಗಂಟೆಗಳ ಕಾಲ ಇದ್ದು ತಾನಾಗಿಯೇ ಮರೆಯಾಗುತ್ತದೆ. ಬೇಕಾದವರು ನೋಡುತ್ತಾರೆ, ಬೇಡದವರಿಗೆ ತೊಂದರೆಯಿಲ್ಲ.

ಸದಾ ಚಲಿಸುತ್ತಿರುವ ಗಾಡಿಯವರಿಗೆ ಇನ್ನೊಂದು ಸೌಲಭ್ಯ ಉಂಟು. ಲೈವ್ ಲೊಕೇಶನ್ ಎಂಬುದನ್ನು ಗಿರಾಕಿಗಳ ಗುಂಪಿಗೆ ಹಂಚಿದರೆ, ಗಾಡಿ ಈಗ ಯಾವ ಬೀದಿಯಲ್ಲಿದೆ ಎಂಬುದು ನಕ್ಷೆಯ ಮೇಲೆ ಕಾಣುತ್ತದೆ. ಹದಿನೈದು ನಿಮಿಷ, ಒಂದು ಗಂಟೆ ಅಥವಾ ಎಂಟು ಗಂಟೆ ಎಂದು ಅವಧಿಯನ್ನು ಆರಿಸಬಹುದು. ತರಕಾರಿಯ ಗಾಡಿ ಎರಡು ಬೀದಿಯಾಚೆ ಇರುವುದನ್ನು ನೋಡಿ ಗೃಹಿಣಿಯು ಚೀಲ ಹಿಡಿದು ಕೆಳಗೆ ಬರುವಳು. ಆದರೆ ಒಂದು ಎಚ್ಚರಿಕೆ: ವ್ಯಾಪಾರ ಮುಗಿಸಿ ಮನೆಯ ಕಡೆ ತಿರುಗುವ ಮೊದಲೇ ಇದನ್ನು ನಿಲ್ಲಿಸಬೇಕು. ಕೈಯಲ್ಲಿ ದಿನದ ಹಣವಿರುವಾಗ ನಾವು ಹೋಗುವ ದಾರಿಯನ್ನೂ ಮನೆಯ ಬಾಗಿಲನ್ನೂ ಊರಿಗೆಲ್ಲ ತೋರಿಸುವುದು ವಿವೇಕವಲ್ಲ.

ಮೂರನೆಯದು ನಕ್ಷೆ. ‘ಹತ್ತಿರದ ತಟ್ಟೆ ಇಡ್ಲಿ’ ಎಂದು ಗೂಗಲ್ಲಿನಲ್ಲಿ ಹುಡುಕುವವನು ಆಗಲೇ ಹಸಿದವನು. ಅವನಿಗೆ ಕಾಣಿಸಿಕೊಳ್ಳುವುದಕ್ಕಿಂತ ಒಳ್ಳೆಯ ಜಾಹೀರಾತಿಲ್ಲ. ಗೂಗಲ್ ಬಿಸಿನೆಸ್ ಪ್ರೊಫೈಲ್ ಎಂಬುದರಲ್ಲಿ ಹೆಸರು ನೋಂದಾಯಿಸುವುದಕ್ಕೆ ಶುಲ್ಕವಿಲ್ಲ. ತಾವೇ ಗಿರಾಕಿಯ ಬಾಗಿಲಿಗೆ ಹೋಗಿ ಕೊಡುವವರು ಮನೆಯ ವಿಳಾಸವನ್ನು ಮರೆಮಾಡಿ, ತಾವು ಸಂಚರಿಸುವ ಬಡಾವಣೆಗಳನ್ನು ಮಾತ್ರ ತೋರಿಸಬಹುದು. ಇಂತಹ ಪ್ರದೇಶಗಳನ್ನು ಇಪ್ಪತ್ತರವರೆಗೆ ಹೆಸರಿಸಬಹುದು. ಗಾಡಿಯ ಮೇಲೆ ಬರೆದಿರುವ ಹೆಸರನ್ನೇ ಅಲ್ಲಿಯೂ ಬರೆಯಬೇಕು. ‘ಮೈಸೂರಿನಲ್ಲೇ ಶ್ರೇಷ್ಠ’ ಮೊದಲಾದ ಬಾಲಗಳನ್ನು ಸೇರಿಸಿದರೆ ನೋಂದಣಿಯೇ ರದ್ದಾಗುವ ಸಂಭವವುಂಟು. ವ್ಯಾಪಾರ ನಿಜವಾಗಿಯೂ ನಡೆಯುತ್ತಿದೆಯೆಂಬುದಕ್ಕೆ ಗಾಡಿಯನ್ನೂ ಸಾಮಾನುಗಳನ್ನೂ ವೀಡಿಯೋ ತೆಗೆದು ತೋರಿಸಬೇಕಾಗಿ ಬರಬಹುದು. ‘ನಿಮ್ಮ ಹೆಸರನ್ನು ನಕ್ಷೆಯಲ್ಲಿ ಮೊದಲಿಗೆ ತರುತ್ತೇವೆ, ಇಷ್ಟು ಹಣ ಕಳುಹಿಸಿ’ ಎಂದು ಫೋನು ಮಾಡುವವರನ್ನು ನಂಬಬೇಡಿರಿ. ಗಿರಾಕಿಗಳ ಅಭಿಪ್ರಾಯವನ್ನು ಬರೆಯಿರೆಂದು ಕೇಳುವುದು ತಪ್ಪಲ್ಲ. ಅದಕ್ಕಾಗಿ ಹಣವನ್ನಾಗಲಿ ಪುಕ್ಕಟೆ ತಿಂಡಿಯನ್ನಾಗಲಿ ಕೊಡುವುದು ಗೂಗಲ್ಲಿನವರ ನಿಯಮಕ್ಕೂ ವಿರುದ್ಧ, ನಮ್ಮ ಮರ್ಯಾದೆಗೂ ವಿರುದ್ಧ.

ನಾಲ್ಕನೆಯದು ಜಾಹೀರಾತಿನ ಮಾತು. ಹಳೆಯ ಕೂಗಿನ ನಾಲ್ಕು ಸಂಗತಿಗಳೇ ಇಲ್ಲಿಯೂ ಬೇಕಾದುವು. ‘ಉತ್ತಮ ದರ್ಜೆಯ ಹಣ್ಣುಗಳು ದೊರೆಯುತ್ತವೆ’ ಎಂಬ ಮಾತು ಯಾರ ಮನಸ್ಸನ್ನೂ ಮುಟ್ಟುವುದಿಲ್ಲ. ‘ನಂಜನಗೂಡಿನ ರಸಬಾಳೆ ಇಂದು ಎರಡು ಗೊನೆ ಬಂದಿದೆ. ಸಂಜೆ ಐದಕ್ಕೆ ಗಣಪತಿ ದೇವಸ್ಥಾನದ ಎದುರು. ಡಜನ್ನಿಗೆ ಇಷ್ಟು’ ಎಂದು ಬರೆದರೆ, ಓದಿದವನು ಗಡಿಯಾರವನ್ನು ನೋಡುತ್ತಾನೆ. ಬೆಲೆಯನ್ನು ಮುಚ್ಚಿಡಬೇಡಿರಿ, ಬೆಲೆ ಕಾಣದ ಕಡೆ ಸಾಮಾನ್ಯ ಗೃಹಸ್ಥನು ಸಂಕೋಚದಿಂದ ಹಿಂದೆಗೆಯುವನು. ಚಿತ್ರವು ನಿಮ್ಮ ಪದಾರ್ಥದ್ದೇ ಆಗಿರಲಿ. ಅದನ್ನು ಬೆಳಗಿನ ಬೆಳಕಿನಲ್ಲಿ, ಫೋನಿನ ಹಿಂದಿನ ಗಾಜನ್ನು ಬಟ್ಟೆಯಿಂದ ಒರಸಿ, ಹತ್ತಿರದಿಂದ ತೆಗೆಯಿರಿ. ಎಣ್ಣೆಗೈ ತಗುಲಿದ ಗಾಜಿನಿಂದ ತೆಗೆದ ಚಿತ್ರಗಳೆಲ್ಲ ಮಂಜು ಕವಿದಂತೆ ಕಾಣುವುವು. ಮಾಲು ಮುಗಿದೊಡನೆ ‘ಇಂದು ಮುಗಿಯಿತು, ನಾಳೆ ಸಿಕ್ಕುತ್ತದೆ’ ಎಂದು ತಿಳಿಸುವುದನ್ನು ಮರೆಯಬೇಡಿರಿ. ಇದರಿಂದ ಗಿರಾಕಿಯ ಕಾಲುನೋವು ತಪ್ಪುವುದಲ್ಲದೆ ನಿಮ್ಮ ಮಾತಿಗೆ ಬೆಲೆಯೂ ಬರುವುದು.

ಐದನೆಯದು, ಇಷ್ಟೆಲ್ಲ ಆದ ಮೇಲೆ, ಹಣ ಕೊಟ್ಟು ಹಾಕಿಸುವ ಜಾಹೀರಾತು. ಇದು ಕೆಟ್ಟದ್ದೆಂದು ನಾವು ಹೇಳುವುದಿಲ್ಲ; ಲೆಕ್ಕವಿಲ್ಲದೆ ಮಾಡುವುದು ಕೆಟ್ಟದ್ದು. ಒಂದು ಲೆಕ್ಕವನ್ನು ನೋಡೋಣ. ಎರಡು ತಟ್ಟೆ ಇಡ್ಲಿಯ ಒಂದು ಪ್ಲೇಟಿಗೆ 40 ರೂಪಾಯಿ ಎಂದಿಟ್ಟುಕೊಳ್ಳಿರಿ. ಅಕ್ಕಿ, ಉದ್ದು, ಗ್ಯಾಸು, ಚಟ್ನಿಯ ಖರ್ಚುಗಳನ್ನು ಕಳೆದರೆ ಉಳಿಯುವುದು 12 ರೂಪಾಯಿ ಎನ್ನೋಣ. ದಿನಕ್ಕೆ 100 ರೂಪಾಯಿಯಂತೆ ಮೂರು ದಿನ ಜಾಹೀರಾತು ಹಾಕಿದರೆ 300 ರೂಪಾಯಿ; ಅದರ ಮೇಲೆ ಶೇಕಡ 18ರ ತೆರಿಗೆ ಸೇರಿ 354 ರೂಪಾಯಿ. ಈ ಹಣ ಹಿಂದಕ್ಕೆ ಬರಬೇಕಾದರೆ 30 ಪ್ಲೇಟು ಹೆಚ್ಚಾಗಿ ಮಾರಬೇಕು. ಮೂವತ್ತು ಹೊಸ ಗಿರಾಕಿಗಳು ಒಂದೊಂದು ಸಲ ಬಂದರೂ ಸರಿ. ಮೂವರೇ ಬಂದು ಹತ್ತು ಹತ್ತು ಸಲ ತಿಂದರೂ ಸರಿ. ಎರಡನೆಯದೇ ಸುಲಭವೆಂಬುದು ವ್ಯಾಪಾರ ಮಾಡಿದವರಿಗೆಲ್ಲ ಗೊತ್ತು. ಲಾಭವಿರುವುದು ಹೊಸದಾಗಿ ಬರುವವನಲ್ಲಿ ಅಲ್ಲ, ಮರಳಿ ಬರುವವನಲ್ಲಿ.

ಜಾಹೀರಾತನ್ನು ಹಾಕುವಾಗ ಗಮನಿಸಬೇಕಾದುವು ಇವು. ಗಾಡಿ ನಿಲ್ಲುವ ಸ್ಥಳದ ಸುತ್ತ ಎರಡು ಮೂರು ಕಿಲೋಮೀಟರುಗಳಿಗೆ ಮಾತ್ರ ಅದು ಕಾಣುವಂತೆ ಗೊತ್ತುಮಾಡಬೇಕು. ಮುಗಿಯುವ ದಿನವನ್ನು ಮೊದಲೇ ನಮೂದಿಸಬೇಕು. ಇಲ್ಲದಿದ್ದರೆ ಹಣ ಸದ್ದಿಲ್ಲದೆ ಹರಿಯುತ್ತಲೇ ಇರುವುದು. ಜಾಹೀರಾತನ್ನು ಒತ್ತಿದವನು ನೇರವಾಗಿ ನಿಮ್ಮ ವಾಟ್ಸ್‌ಆಪಿಗೆ ಬಂದು ಕೇಳುವಂತೆ ಮಾಡುವ ಬಗೆಯುಂಟು, ಅದನ್ನೇ ಆರಿಸಬೇಕು. ಖಾತೆಯೂ ಅದರ ಪಾಸ್‌ವರ್ಡೂ ನಿಮ್ಮ ಹೆಸರಿನಲ್ಲಿ, ನಿಮ್ಮ ಕೈಯಲ್ಲಿಯೇ ಇರಬೇಕು. ಸಹಾಯ ಮಾಡುವವರು ಯಾರೇ ಆಗಲಿ, ಅವರ ನಂಬರನ್ನು ಹಾಕಗೊಡಬಾರದು. ಹೊಸ ಮುಖ ಕಂಡಾಗಲೆಲ್ಲ, ‘ನಮ್ಮ ಗಾಡಿ ನಿಮಗೆ ಹೇಗೆ ಗೊತ್ತಾಯಿತು?’ ಎಂದು ಕೇಳಿ ಪುಸ್ತಕದಲ್ಲಿ ಒಂದು ಗೀಟು ಎಳೆಯಬೇಕು. ಮೂರು ದಿನಗಳ ತರುವಾಯ ಆ ಗೀಟುಗಳನ್ನು ಎಣಿಸಿದರೆ ಜಾಹೀರಾತು ಬೇಕೋ ಬೇಡವೋ ಎಂಬುದನ್ನು ಅವೇ ಹೇಳುವುವು. ಮೆಚ್ಚಿಕೆಯ ಗುರುತುಗಳನ್ನು ಎಣಿಸುವುದರಿಂದ ಅಕ್ಕಿಯ ಸಾಲ ತೀರುವುದಿಲ್ಲ.

ಆರನೆಯದು ಹಣ ಪಡೆಯುವ ಬಗೆ. ಯುಪಿಐ ಎಂಬ ಪದ್ಧತಿಯು 2016ರಲ್ಲಿ ಆರಂಭವಾಯಿತು. ಈಗ ಸೊಪ್ಪಿನ ಕಟ್ಟಿಗೂ ಜನರು ಅದರಿಂದಲೇ ಹಣ ಕೊಡುವರು. ಬ್ಯಾಂಕು ಖಾತೆಯಿಂದ ನೇರವಾಗಿ ಬರುವ ಇಂತಹ ಹಣಕ್ಕೆ, 2020ರ ಜನವರಿಯಿಂದ, ವರ್ತಕನಿಂದ ಶುಲ್ಕ ತೆಗೆದುಕೊಳ್ಳಕೂಡದೆಂಬ ನಿಯಮವಿದೆ. ಆದರೆ ಹಣ ಬಂದುದನ್ನು ಕೂಗಿ ಹೇಳುವ ಸೌಂಡ್ ಬಾಕ್ಸಿಗೆ ತಿಂಗಳ ಬಾಡಿಗೆ ಇರಬಹುದು. ಅದನ್ನು ತೆಗೆದುಕೊಳ್ಳುವ ಮೊದಲು ಬಾಡಿಗೆ ಎಷ್ಟೆಂಬುದನ್ನು ಕೇಳಿ ತಿಳಿಯಬೇಕು. ಗಾಡಿಯ ಮುಂದೆ ಜನ ನೆರೆದಿರುವಾಗ ಈ ಪೆಟ್ಟಿಗೆ ಬಹಳ ಉಪಯುಕ್ತ. ಕೆಲವು ಮೋಸಗಾರರು ಹಣ ಕಳುಹಿಸಿದಂತೆ ಸುಳ್ಳು ಚಿತ್ರವನ್ನು ತೋರಿಸಿ ಹೊರಟುಹೋಗುವರು. ಪೆಟ್ಟಿಗೆಯ ಧ್ವನಿಯನ್ನು ಕೇಳಿ ಅಥವಾ ನಿಮ್ಮದೇ ಫೋನಿನಲ್ಲಿ ಹಣ ಬಂದುದನ್ನು ನೋಡಿ ಒಪ್ಪಬೇಕೇ ಹೊರತು ಗಿರಾಕಿಯ ಫೋನಿನ ಪರದೆಯನ್ನು ನಂಬಬಾರದು.

ಇನ್ನೊಂದು ಮೋಸವು ಕ್ಯೂಆರ್ ಚೀಟಿಯದು. ರಾತ್ರಿ ಯಾರೋ ಬಂದು ನಿಮ್ಮ ಚೀಟಿಯ ಮೇಲೆ ತಮ್ಮದನ್ನು ಅಂಟಿಸಿ ಹೋದರೆ ದಿನದ ವ್ಯಾಪಾರವೆಲ್ಲ ಪರರ ಪಾಲಾಗುವುದು. ಪ್ರತಿದಿನ ಬೆಳಗ್ಗೆ ಗಾಡಿ ಹೂಡಿದ ಕೂಡಲೆ, ಬೋಣಿಗೆ ಮೊದಲು, ಬೇರೊಂದು ಫೋನಿನಿಂದ ಆ ಚೀಟಿಯನ್ನು ಸ್ಕ್ಯಾನ್ ಮಾಡಿ ನಿಮ್ಮ ಹೆಸರೇ ಬರುವುದೇ ಎಂದು ನೋಡಿರಿ. ರಾತ್ರಿ ಅದನ್ನು ಗಾಡಿಯ ಮೇಲೆ ಬಿಡದೆ ಮನೆಗೆ ಒಯ್ಯಿರಿ. ಮುಖ್ಯವಾದ ಸೂತ್ರವಿದು: ಹಣ ಪಡೆಯುವುದಕ್ಕೆ ಪಿನ್ ಒತ್ತಬೇಕಾಗಿಲ್ಲ, ಪಿನ್ ಇರುವುದು ಹಣ ಕೊಡುವುದಕ್ಕೆ ಮಾತ್ರ. ‘ಇನ್ನೂರು ಪ್ಲೇಟು ಬೇಕು, ಮುಂಗಡ ಕಳುಹಿಸುತ್ತೇವೆ, ಪಿನ್ ಒತ್ತಿ’ ಎಂದು ಯಾರಾದರೂ ಹೇಳಿದರೆ ಅದು ಮೋಸವೆಂದೇ ತಿಳಿಯಿರಿ. ಫೋನಿಗೆ ಬರುವ ಒಟಿಪಿಯನ್ನು ಯಾರಿಗೂ ಹೇಳಬೇಡಿರಿ. ಒಂದು ವೇಳೆ ಹಣ ಹೋದರೆ ನಾಚಿಕೆಯಿಂದ ಮುಚ್ಚಿಡದೆ ಕೂಡಲೆ 1930 ಎಂಬ ನಂಬರಿಗೆ ಫೋನು ಮಾಡಿರಿ. ಹೊತ್ತು ಕಳೆದಷ್ಟೂ ಆ ಹಣವನ್ನು ತಡೆಹಿಡಿಯುವುದು ಕಷ್ಟವಾಗುವುದು.

ಏಳನೆಯದು ಲೆಕ್ಕದ ಪುಸ್ತಕ. 2025ರ ಜುಲೈ ತಿಂಗಳಿನಲ್ಲಿ ನಮ್ಮ ರಾಜ್ಯದ ವಾಣಿಜ್ಯ ತೆರಿಗೆಯ ಇಲಾಖೆಯವರು ಯುಪಿಐ ಮೂಲಕ ಬಂದ ಹಣವನ್ನು ಆಧಾರವಾಗಿಟ್ಟುಕೊಂಡು ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟೀಸು ಕಳುಹಿಸಿದುದೂ, ಬೆಂಗಳೂರಿನ ಅನೇಕರು ಹೆದರಿ ಕ್ಯೂಆರ್ ಚೀಟಿಗಳನ್ನು ಕಿತ್ತುಹಾಕಿ ‘ನಗದು ಮಾತ್ರ’ ಎಂದು ಬರೆದುದೂ ವಾಚಕರಿಗೆ ನೆನಪಿರಬಹುದು. ಹೆದರಿ ಚೀಟಿ ಕೀಳುವುದು ಉಪಾಯವಲ್ಲ. ಮಿತಿಯನ್ನು ತಿಳಿಯುವುದೂ ಲೆಕ್ಕ ಇಡುವುದೂ ಉಪಾಯ. ಸಾಮಾನು ಮಾರುವವರ ವಹಿವಾಟು ವರ್ಷಕ್ಕೆ 40 ಲಕ್ಷ ರೂಪಾಯಿಗಳನ್ನೂ, ಬೇಯಿಸಿದ ತಿಂಡಿ ಬಡಿಸುವಂತಹ ಸೇವೆಯವರ ವಹಿವಾಟು 20 ಲಕ್ಷ ರೂಪಾಯಿಗಳನ್ನೂ ಮೀರಿದಾಗಲೇ ಜಿಎಸ್‌ಟಿ ನೋಂದಣಿ ಅಗತ್ಯ. 20 ಲಕ್ಷವೆಂದರೆ ವರ್ಷವಿಡೀ ಬಿಡುವಿಲ್ಲದೆ ದಿನಕ್ಕೆ ಸುಮಾರು 5,500 ರೂಪಾಯಿಗಳ ಮಾರಾಟ. ತಾಜಾ ತರಕಾರಿ, ಹಣ್ಣುಗಳಿಗಂತೂ ಆ ತೆರಿಗೆಯೇ ಇಲ್ಲ.

ತೊಂದರೆ ಹುಟ್ಟುವುದು ಬೇರೊಂದು ಕಡೆ. ಮಗ ಊರಿನಿಂದ ಕಳುಹಿಸಿದ ಹಣ, ಚೀಟಿಯ ಹಣ, ನೆರೆಯವರು ಹಿಂದಿರುಗಿಸಿದ ಕೈಗಡ, ಇವೆಲ್ಲವೂ ವ್ಯಾಪಾರದ ಖಾತೆಗೇ ಬಂದು ಬಿದ್ದರೆ ಎಲ್ಲವೂ ಮಾರಾಟದಂತೆ ಕಾಣುವುವು. ಆದ್ದರಿಂದ ವ್ಯಾಪಾರಕ್ಕೆ ಒಂದು ಖಾತೆ, ಸಂಸಾರಕ್ಕೆ ಒಂದು ಖಾತೆ ಇರಲಿ. ರಾತ್ರಿ ಮಲಗುವ ಮೊದಲು ಐದು ನಿಮಿಷ ಕುಳಿತು, ನಗದು ಎಷ್ಟು, ಫೋನಿಗೆ ಬಂದದ್ದು ಎಷ್ಟು, ಖರ್ಚು ಎಷ್ಟು ಎಂಬುದನ್ನು ಎರಡು ರೂಪಾಯಿಯ ಪೆನ್ಸಿಲಿನಲ್ಲಾದರೂ ಸರಿಯೆ, ಬರೆದಿಡಿರಿ.

ಎಂಟನೆಯದು ಕಾಗದಪತ್ರಗಳು. 2014ರ ಬೀದಿ ವ್ಯಾಪಾರಿಗಳ ಕಾಯಿದೆಯು ಒಂದೆಡೆ ಕುಳಿತು ಮಾರುವವರನ್ನಲ್ಲದೆ ಸಂಚರಿಸಿ ಮಾರುವವರನ್ನೂ ವ್ಯಾಪಾರಿಗಳೆಂದು ಒಪ್ಪಿಕೊಂಡಿದೆ. ಊರಿನ ಪಟ್ಟಣ ವ್ಯಾಪಾರ ಸಮಿತಿಯ ಮೂಲಕ ವ್ಯಾಪಾರದ ಪ್ರಮಾಣಪತ್ರವನ್ನು ಪಡೆಯಬೇಕು. ಅದರ ಚಿತ್ರವೊಂದು ಫೋನಿನಲ್ಲಿಯೂ ಇರಲಿ. ಬೀದಿ ವ್ಯಾಪಾರಿಗಳ ಸಾಲಕ್ಕಾಗಿ 2020ರ ಜೂನ್ ತಿಂಗಳಲ್ಲಿ ಆರಂಭವಾದ ಪ್ರಧಾನಮಂತ್ರಿ ಸ್ವನಿಧಿ ಯೋಜನೆಯಲ್ಲಿ ಮೊದಲ ಸಾಲ 10,000 ರೂಪಾಯಿ ಇದ್ದಿತು. 2025ರ ಆಗಸ್ಟಿನಲ್ಲಿ ಅದನ್ನು 15,000ಕ್ಕೂ, ಎರಡನೆಯದನ್ನು 25,000ಕ್ಕೂ ಏರಿಸಿದರು; ಮೂರನೆಯದು 50,000. ಮೊದಲನೆಯದನ್ನು ತೀರಿಸಿದವರಿಗೆ ಎರಡನೆಯದು. ಆದಕಾರಣ ಕಂತು ತಪ್ಪಿಸಿಕೊಳ್ಳುವುದೆಂದರೆ ಮುಂದಿನ ಬಾಗಿಲನ್ನು ತಾನೇ ಮುಚ್ಚಿಕೊಂಡಂತೆ. ಮೇಲೆ ಹೇಳಿದ 3,000 ರೂಪಾಯಿಗಳ ವಿಷಯದಲ್ಲಿ ನಾವು ಇಷ್ಟು ಮರುಗುವುದಕ್ಕೆ ಇದೇ ಕಾರಣ. ದೊಡ್ಡ ಅಂಗಡಿಯವನಿಗೆ ಅದು ಒಂದು ದಿನದ ಚಿಲ್ಲರೆ. ಗಾಡಿಯವಳಿಗೆ ಮೂರು ತಿಂಗಳ ಕಂತು.

ಇನ್ನು ಗೃಹಸ್ಥರಾದ ನಮ್ಮ ಪಾಲಿನ ಕೆಲಸವೇನು? ಮೇಲೆ ಹೇಳಿದುದೆಲ್ಲವನ್ನೂ ಅಕ್ಷರ ಬಲ್ಲ ಹುಡುಗನೊಬ್ಬನು ಒಂದು ಭಾನುವಾರದ ಮಧ್ಯಾಹ್ನದಲ್ಲಿ ಮಾಡಿಕೊಡಬಲ್ಲನು. ನಮ್ಮ ಮನೆಗಳಲ್ಲಿ ಕಾಲೇಜಿಗೆ ಹೋಗುವ ಮಕ್ಕಳು ಫೋನು ಹಿಡಿದು ಕುಳಿತಿರುವರೆಂದು ಹಿರಿಯರು ಗೊಣಗುವುದುಂಟು. ಆ ಮಕ್ಕಳನ್ನೇ ನಿಮ್ಮ ಬೀದಿಯ ಸೊಪ್ಪಿನವರ ಬಳಿಗೆ ಕಳುಹಿಸಿ, ‘ಅಜ್ಜಿಗೆ ಇದನ್ನು ಮಾಡಿಕೊಟ್ಟು ಬಾ’ ಎನ್ನಿರಿ. ಆದರೆ ಪಾಸ್‌ವರ್ಡು ಅಜ್ಜಿಯದಾಗಿರಲಿ, ನಂಬರು ಅಜ್ಜಿಯದಾಗಿರಲಿ. ಮಾಡಿಕೊಡುವುದರ ಜೊತೆಗೆ ಕಲಿಸಿಯೂ ಬರಲಿ. ತಿಂಡಿ ಚೆನ್ನಾಗಿದ್ದರೆ ನಕ್ಷೆಯಲ್ಲಿ ಎರಡು ನಿಜವಾದ ಮಾತು ಬರೆಯಿರಿ; ಯಾವ ಹೊತ್ತಿಗೆ, ಎಲ್ಲಿ ಸಿಕ್ಕಿತೆಂಬುದನ್ನೂ ಬರೆಯಿರಿ. ಚೆನ್ನಾಗಿಲ್ಲದಿದ್ದರೆ ಮೊದಲು ಅವರಿಗೇ ಹೇಳಿರಿ. ಊರಿಗೆ ಸಾರುವ ಮೊದಲು ತಿದ್ದಿಕೊಳ್ಳುವ ಅವಕಾಶವನ್ನು ಬಡವರಿಗೆ ಕೊಡುವುದು ಧರ್ಮ.

ನಮ್ಮ ಇಡ್ಲಿಯಮ್ಮನವರ ಕಥೆಯನ್ನು ಮುಗಿಸಿಬಿಡುತ್ತೇವೆ. ಅವರು ಧನಿಕರಾದರೆಂದು ಹೇಳಿದರೆ ಸುಳ್ಳಾದೀತು. ಹೊತ್ತು ಗೊತ್ತಾದ ಮೇಲೆ ಉಳಿಯುವ ಹಿಟ್ಟು ಕಡಿಮೆಯಾಯಿತು. ಹಿಂದಿನ ರಾತ್ರಿಯೇ ಕೆಲವರು ‘ನಾಳೆ ನಾಲ್ಕು ಪ್ಲೇಟು ಇಡಿ’ ಎಂದು ಬರೆಯುವುದರಿಂದ ಎಷ್ಟು ರುಬ್ಬಬೇಕೆಂಬುದು ಮೊದಲೇ ತಿಳಿಯುತ್ತದೆ. ತಪ್ಪಿದ್ದ ಎರಡು ಕಂತುಗಳನ್ನು ಕಟ್ಟಿದರು; ಆ ಸಾಲ ತೀರಿತು; 2025ರ ಕೊನೆಯಲ್ಲಿ ಎರಡನೆಯ ಸಾಲಕ್ಕೆ ಅರ್ಜಿ ಕೊಟ್ಟರು. ಹಣದ ಜಾಹೀರಾತನ್ನು ಆಮೇಲೆ ಒಂದೇ ಸಲ, ಮೂರು ದಿನ ಹಾಕಿ ನೋಡಿದರು. ಪುಸ್ತಕದಲ್ಲಿ ಬಿದ್ದ ಗೀಟುಗಳು ಹನ್ನೊಂದು. “ಅವರಲ್ಲಿ ಐದು ಜನ ಈಗಲೂ ಬರ್ತಾರೆ ಸ್ವಾಮಿ, ಸಾಕು,” ಎಂದರು.

ಮೊನ್ನೆ ಮಳೆಯ ದಿನ ಬೆಳಗ್ಗೆ ಆರು ಗಂಟೆಗೆ ನಮ್ಮ ಸೊಸೆಯ ಫೋನು ಸಣ್ಣಗೆ ಸದ್ದು ಮಾಡಿತು. ‘ಮಳೆ ಇದೆ. ಆದರೂ ಬಂದಿದ್ದೇವೆ. ಉದ್ಯಾನದ ಬದಲು ಎದುರಿನ ಮಾಡಿನ ಕೆಳಗೆ’ ಎಂದು ಬರೆದಿತ್ತು. ನಾವು ಕೊಡೆ ಹಿಡಿದು ಹೊರಟೆವು. ನಮಗಿಂತ ಮೊದಲೇ ಆರು ಮಂದಿ ಅಲ್ಲಿ ನಿಂತಿದ್ದರು.